ಅವ್ವನಿಗೆ ಕುಡಿಸಿದ ನೀರು

ನಮ್ಮವ್ವನಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೇದು. ಆಮೇಲೆ ಆಶ್ರಮದ ಡಾಕ್ಟರರ ಬಗ್ಗೆ, ಊರವರ ಬಗ್ಗೆ, ಸರ್ಕಾರದ ಬಗ್ಗೆ ನಾನು ಏನೇ ಬರೆದರೂ ನೀವು ಇದನ್ನು ತಲೇಲಿ ಇಟ್ಟುಕೊಂಡೇ ಓದಬೇಕು. ಒಂದು ಗಾಜಿನ ಬಾಟಲಿಗೆ ಇಂಕಿನಲ್ಲಿ ಗೆರೆ ಎಳೆದು, ಬೆಳಿಗ್ಗೆ ಎದ್ದ ಕೂಡಲೆ ಇಷ್ಟು, ಹೊತ್ತು ನೆತ್ತಿಗೆ ಬರೋದ್ರೊಳಗೆ ಇಷ್ಟು, ದೀಪ ಹಚ್ಚೋ ಹೊತ್ತಿಗೆ ಇಷ್ಟು ಅಂತ ಲೆಕ್ಕ ಇಟ್ಟಿದ್ದೆ. "ಸಾಕು ಕಣಪ್ಪ, ಹೊಟ್ಟೆ ಉಬ್ಬರಿಸ್ತೈತೆ" ಅಂದರೆ ಗದರಿಸಿ ಕುಡಿಸುತ್ತಿದ್ದೆ. ನಾನು ಮೇಷ್ಟರು. ಲೆಕ್ಕ ತಪ್ಪುವವನಲ್ಲ.

ನಮ್ಮೂರು ಆಂಧ್ರದ ಗಡಿಗೆ ಅಂಟಿಕೊಂಡಿರುವ ಬಯಲುಸೀಮೆಯದು. ಕಲ್ಲುಗುಡ್ಡ, ಜಾಲಿ, ಮಳೆ ಬಂದರೆ ಕಡ್ಲೆಕಾಯಿ, ಬರದಿದ್ದರೆ ಬೆಂಗಳೂರಿನ ಬಸ್ಸು. ಅವ್ವ ಕೂಲಿಯವಳು. ಕಳೆ ಕೀಳೋದು, ಕಡ್ಲೆಕಾಯಿ ಬಿಡಿಸೋದು, ಬರಗಾಲದಲ್ಲಿ ಸರ್ಕಾರದ ರಸ್ತೆಗೆ ಜಲ್ಲಿ ಹೊರೋದು. 1992ರ ಸುಮಾರಿಗೆ ಅವಳಿಗೆ ಸೊಂಟ ಹಿಡಕೊಂಡಿತು. ಮೊದಮೊದಲು ಬೆಳಿಗ್ಗೆ ಮಾತ್ರ. ಆಮೇಲೆ ಇಡೀ ದಿನ. ಕುಕ್ಕರಗಾಲಲ್ಲಿ ಕೂರೋದು ಆಗದೆ ಹೋಯಿತು. ಕುಕ್ಕರಗಾಲಲ್ಲಿ ಕೂರಲಾಗದವಳಿಗೆ ಕಳೆ ಕೀಳುವ ಕೂಲಿಯಿಲ್ಲ. ಹೊತ್ತು ಮೂಡುವ ಮುಂಚೆ ಬಯಲಿಗೆ ಹೋಗಿ ಕೂರುವ ಹೆಂಗಸಿಗೆ ಅದು ಎಂಥಾ ನರಕ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನಿಂದ ಯಾರಾದರೂ ಕೂಗಿದರೆ ಕತ್ತು ಮಾತ್ರ ತಿರುಗಿಸಲಾಗದೆ ಇಡೀ ಮೈಯನ್ನೇ ಗಾಡಿ ತಿರುಗಿಸಿದಂತೆ ತಿರುಗಿಸುತ್ತಿದ್ದಳು. ಕೇರಿಯ ಹುಡುಗರು ಅದನ್ನು ಆಡಿ ತೋರಿಸಿ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಲಕ್ಕಿ ಸೊಪ್ಪು ಬೇಯಿಸಿ ಶಾಖ ಕೊಟ್ಟೆವು. ಪೇಟೆಯ ಒಬ್ಬ ಡಾಕ್ಟರರ ಹತ್ತಿರ ಹೋದೆವು. ಆತ ಮುಖ ಎತ್ತದೆ ಒಂದು ಸೂಜಿ ಚುಚ್ಚಿ, ಕೆಂಪು ಗುಳಿಗೆ ಬರೆದು, "ವಯಸ್ಸಾಯ್ತು, ವಾಯು" ಅಂದ. ವಯಸ್ಸು ಎಷ್ಟು ಅಂತ ಕೇಳಿರಲಿಲ್ಲ. ನಮ್ಮವ್ವನಿಗೆ ತಾನು ಹುಟ್ಟಿದ ವರ್ಷ ಗೊತ್ತಿಲ್ಲ, ಆದರೆ ನನ್ನ ವಯಸ್ಸಿಗೆ ಹದಿನಾರೋ ಹದಿನೇಳೋ ಕೂಡಿಸಿದರೆ ಐವತ್ತರ ಆಚೀಚೆ ಬರುತ್ತದೆ. ಆ ಗುಳಿಗೆ ನುಂಗಿದ ದಿನ ನೋವಿಲ್ಲ, ನುಂಗದ ದಿನ ಇದೆ. ವರ್ಷ ಕಳೆಯೋದ್ರೊಳಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂಗೆ ಆಗೋಕೆ ಶುರುವಾಯಿತು. ಅದಕ್ಕೆ ಇನ್ನೊಂದು ಗುಳಿಗೆ.

ಆಗ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಮೇಷ್ಟರೊಬ್ಬರು, ಖಾದಿಯವರು, ಒಳ್ಳೆಯವರು, "ಗುಳಿಗೆ ರೋಗಾನ ಮುಚ್ಚಿಡುತ್ತೆ ಕಣಯ್ಯ. ಬೇರು ಹುಡುಕಬೇಕು. ಪ್ರಕೃತಿ ಚಿಕಿತ್ಸೆಗೆ ಕರಕೊಂಡು ಹೋಗು" ಅಂದರು. ಬೇರು ಅನ್ನೋ ಮಾತು ನನಗೆ ಹಿಡಿಸಿತು. ನಾವೂ ಸಭೆಗಳಲ್ಲಿ ಅದನ್ನೇ ಹೇಳುತ್ತಿದ್ದೆವಲ್ಲ, ಎಲೆ ಸವರಿದರೆ ಆಗೋದಿಲ್ಲ, ಬೇರು ಕೀಳಬೇಕು ಅಂತ. 1993ರ ಬೇಸಿಗೆ ರಜಾದಲ್ಲಿ, ಬಡವರಿಗೆ ಕಡಿಮೆ ಖರ್ಚಿನಲ್ಲಿ ಹತ್ತು ದಿನ ಇಟ್ಟುಕೊಳ್ಳುತ್ತಿದ್ದ ಒಂದು ಆಶ್ರಮಕ್ಕೆ ಅವ್ವನನ್ನು ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರರ ಬಗ್ಗೆ ನಾನು ಹಗುರವಾಗಿ ಬರೆಯಲಾರೆ. ಬಿಳಿ ಪಂಚೆಯ, ಜನಿವಾರದ ಮನುಷ್ಯ. ಅವ್ವನನ್ನು ಎದುರಿಗೆ ಚಾಪೆಯ ಮೇಲೆ ಕೂರಿಸಿಕೊಂಡು, ತಾವೂ ಚಾಪೆಯ ಮೇಲೆ ಕೂತು, ಗಂಟೆಗೂ ಹೆಚ್ಚು ಹೊತ್ತು ಮಾತಾಡಿಸಿದರು. ಏನು ಉಣ್ತೀಯಮ್ಮ, ಎಷ್ಟು ಹೊತ್ತಿಗೆ ಉಣ್ತೀಯ, ನಿದ್ದೆ ಬರ್ತದಾ, ಹೊಟ್ಟೆ ಸರಿಯಾಗಿ ಹೋಗ್ತದಾ, ಸಿಟ್ಟು ಬರ್ತದಾ, ಎಷ್ಟು ಹೆತ್ತೆ, ಎಷ್ಟು ಉಳಿದವು. ಬರಿ ಕೈಯಲ್ಲಿ ಬೆನ್ನುಮೂಳೆ ಒಂದೊಂದಾಗಿ ಮುಟ್ಟಿ ನೋಡಿದರು. ಅವಳ ಬೆನ್ನನ್ನು ಮೇಲ್ಜಾತಿಯ ಕೈ ಮುಟ್ಟಿದ್ದು ಅದಕ್ಕೂ ಮುಂಚೆ ಹೊಡೆಯೋಕೆ ಮಾತ್ರ. ಆ ರಾತ್ರಿ ಅವ್ವ ನನಗೆ ಹೇಳಿದಳು: "ಇಷ್ಟು ವರ್ಸಕ್ಕೆ ಒಬ್ಬ ನನ್ನ ಕೇಳ್ದ ನೋಡಪ್ಪ, ನಿದ್ದೆ ಬತ್ತೈತಾ ಅಂತ." ಈ ಮಾತಿನ ಮುಂದೆ ನನ್ನ ಟೀಕೆಯೆಲ್ಲ ಸಣ್ಣದು.

ಆಶ್ರಮದ ಪುಸ್ತಕದ ಬೀರುವಿನಲ್ಲಿ ಲೂಯಿ ಕೂನೆ ಎಂಬುವನ ಪುಸ್ತಕ ಇತ್ತು. ಹತ್ತು ದಿನ ಬೇರೆ ಕೆಲಸವಿಲ್ಲದ್ದರಿಂದ ಓದಿದೆ. ಈತ ಜರ್ಮನಿಯ ಲೈಪ್‌ಜಿಗ್ ಊರಿನವನು, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹೆಸರಾದವನು. ಇವನ ವಾದ ಬಹಳ ಸರಳ. ನೂರು ರೋಗಗಳಿಲ್ಲ, ಇರೋದು ಒಂದೇ; ದೇಹದೊಳಗೆ ಸೇರಿಕೊಂಡ ಅನ್ಯವಸ್ತುವೇ ಎಲ್ಲ ರೋಗಕ್ಕೂ ಮೂಲ. ತಪ್ಪು ಊಟದಿಂದ, ಅತಿ ಊಟದಿಂದ ಅದು ಹೊಟ್ಟೆಯಲ್ಲಿ ಹುಟ್ಟಿ ಮೈಯೆಲ್ಲ ಹರಡುತ್ತದೆ. ಊಟ ತಿದ್ದು, ನೀರಿನ ತೊಟ್ಟಿಯಲ್ಲಿ ಸೊಂಟ ಮುಳುಗಿಸಿ ಕೂರು, ಕೆಟ್ಟದ್ದೆಲ್ಲ ಹೊರಗೆ ಹೋಗುತ್ತದೆ. ಗಾಂಧಿ ದಕ್ಷಿಣ ಆಫ್ರಿಕಾದಲ್ಲಿದ್ದಾಗಲೇ ಕೂನೆಯನ್ನೂ ಅಡಾಲ್ಫ್ ಜುಸ್ಟ್ ಎಂಬ ಇನ್ನೊಬ್ಬ ಜರ್ಮನನ ಮಣ್ಣಿನ ಚಿಕಿತ್ಸೆಯನ್ನೂ ಓದಿ ಮನೆಯವರ ಮೇಲೆಲ್ಲ ಪ್ರಯೋಗ ಮಾಡಿದವರು. 1946ರಲ್ಲಿ ಪುಣೆ ನಗರದಲ್ಲಿ ಬಡವರಿಗೆ ಪ್ರಕೃತಿ ಚಿಕಿತ್ಸೆ ಕೊಡಲು ಹೊರಟು, ಬಡವರು ಇರೋದು ಪೇಟೆಯಲ್ಲಲ್ಲ, ಹಳ್ಳಿಯಲ್ಲಿ ಅಂತ ಹೊಳೆದು, ಹತ್ತಿರದ ಉರುಳಿ ಕಾಂಚನ ಎಂಬ ಹಳ್ಳಿಗೆ ಹೋಗಿ ಕೂತರು. ಹಾಗೆ ಹೊಳೆದದ್ದಕ್ಕೆ, ಹೊಳೆದ ಮೇಲೆ ಎದ್ದು ಹೋದದ್ದಕ್ಕೆ ನನಗೆ ಗೌರವವಿದೆ.

ಆದರೆ ಕೂನೆಯ ಪುಸ್ತಕ ಓದುತ್ತಾ ಓದುತ್ತಾ ನನಗೆ ಒಂದು ಅನುಮಾನ ಬಂತು. ಇದು ಹೊಟ್ಟೆ ತುಂಬಿದವರ ಶಾಸ್ತ್ರ. ದಿನಕ್ಕೆ ನಾಲ್ಕು ಸಲ ಮಾಂಸ, ಬೆಣ್ಣೆ, ಬಿಯರು ಇಳಿಸಿ ಕೂತಲ್ಲೇ ಕೂತು ಕೊಬ್ಬಿದ ದೇಹಕ್ಕೆ ಬರೆದದ್ದು. ಇವರು ನಮ್ಮವ್ವನಿಗೆ ಮೊದಲ ಮೂರು ದಿನ ಉಪವಾಸ ಬರೆದರು. ನಿಂಬೆಹಣ್ಣಿನ ನೀರು, ಜೇನುತುಪ್ಪ. ಅವ್ವ ನಕ್ಕಳು. "ಇದಕ್ಕೆ ಬಸ್ ಚಾರ್ಜು ಕೊಟ್ಟು ಇಷ್ಟು ದೂರ ಬರಬೇಕಿತ್ತಾ? ಇದು ಮನೇಲೇ ಮಾಡ್ತಿದ್ನಲ್ಲ" ಅಂದಳು. ಪಕ್ಕದ ಮಂಚದಲ್ಲಿ ಬೆಂಗಳೂರಿನ ಸಾಹುಕಾರರ ಹೆಂಡತಿ ಒಬ್ಬರು ತೂಕ ಇಳಿಸಲು ಬಂದಿದ್ದರು. ಅವರಿಗೂ ಅದೇ ಉಪವಾಸ, ಅದೇ ನಿಂಬೆಹಣ್ಣು. ಉಪವಾಸ ಎಂಬ ಒಂದೇ ಮಾತು ಎರಡು ಹೊಟ್ಟೆಗಳಲ್ಲಿ ಎರಡು ಅರ್ಥ ಕೊಡುತ್ತದೆ. (1932ರ ಸೆಪ್ಟೆಂಬರಿನಲ್ಲಿ ಯರವಡಾ ಜೈಲಿನಲ್ಲಿ ನಡೆದ ಉಪವಾಸದ ಅರ್ಥ ನಮಗೆ ಏನಾಯಿತು ಅಂತ ಈ ಪತ್ರಿಕೆ ಓದುವವರಿಗೆ ನಾನು ಹೇಳಬೇಕಾಗಿಲ್ಲ. ಆ ಮಾತು ಇಲ್ಲಿಗೆ ಬಿಡುತ್ತೇನೆ.)

ಹೊಟ್ಟೆಗೆ ಮಣ್ಣಿನ ಪಟ್ಟಿ, ತೊಟ್ಟಿ ಸ್ನಾನ, ಎನಿಮಾ, ಎಳ್ಳೆಣ್ಣೆ ಹಚ್ಚಿ ತೀಡೋದು, ಬೆಳಗಿನ ಬಿಸಿಲು. ಊಟಕ್ಕೆ ಕೂರಿಸಿದ ಮೇಲೆ ಬೇಯಿಸಿದ ತರಕಾರಿ, ಮಜ್ಜಿಗೆ, ರೊಟ್ಟಿ. ಉಪ್ಪು, ಖಾರ, ಹುಣಸೆಹುಳಿ ಪೂರಾ ಬಂದ್. ಕೀಲುನೋವಿಗೆ ಹುಳಿ ಶತ್ರು ಅಂದರು. ನಮ್ಮ ಕೇರಿಯಲ್ಲಿ ಮುದ್ದೆಯ ಜೊತೆಗೆ ಇರುತ್ತಿದ್ದದ್ದೇ ಹುಣಸೆಹುಳಿ ಗೊಜ್ಜು. ಅದನ್ನೂ ತೆಗೆದರೆ ಬರೀ ಮುದ್ದೆ. ಇಷ್ಟೆಲ್ಲದರ ಮೇಲೆ ನೀರು. ಒಳಗಿನ ಕೊಳೆಯನ್ನು ತೊಳೆದು ಹಾಕಲು ದಿನಕ್ಕೆ ನಾಲ್ಕು ಲೀಟರ್ ನೀರು, ಊರಿಗೆ ಹೋದ ಮೇಲೂ ತಪ್ಪಬಾರದು ಅಂತ ಚೀಟಿಯಲ್ಲಿ ಬರೆದು ಕೊಟ್ಟರು.

ಹತ್ತು ದಿನಕ್ಕೆ ಅವ್ವ ಹಗುರಾದಳು, ಇದು ನಿಜ. ಹೊಟ್ಟೆಯ ಉರಿ ನಿಂತಿತು. ನೋವು ಪೂರ್ತಿ ಹೋಗದಿದ್ದರೂ ಇಳಿಯಿತು. ಬಸ್ಸಿನ ಮೆಟ್ಟಿಲನ್ನು ನನ್ನ ಕೈ ಹಿಡಿಯದೆ ಹತ್ತಿದಳು. ನಾನು ಆಶ್ರಮಕ್ಕೆ ಕೈಮುಗಿದು ಬಂದೆ. ಊರಿಗೆ ಬಂದವನೇ ಬಾಟಲಿಗೆ ಗೆರೆ ಎಳೆದೆ.

ಮೂರು ನಾಲ್ಕು ತಿಂಗಳಲ್ಲಿ ನೋವು ತಿರುಗಿ ಬಂತು. ಮೊದಲಿಗಿಂತ ಜೋರಾಗಿ ಬಂತು. ಆಶ್ರಮಕ್ಕೆ ಕಾಗದ ಬರೆದೆ. ಉತ್ತರ ಬಂತು: ಹೆದರಬೇಡಿ, ಗುಣವಾಗುವ ಮುಂಚೆ ರೋಗ ಒಮ್ಮೆ ಉಲ್ಬಣಿಸುತ್ತದೆ, ಒಳಗಿನ ವಿಷ ಹೊರಗೆ ಬರುವ ಲಕ್ಷಣ ಅದು, ನೀರು ನಿಲ್ಲಿಸಬೇಡಿ. ಪ್ರಕೃತಿ ಚಿಕಿತ್ಸೆಯ ಪುಸ್ತಕಗಳಲ್ಲಿ ಈ ಮಾತು ಇದೆ, ಅವರು ಸುಳ್ಳು ಹೇಳಲಿಲ್ಲ. ಆದರೆ ಎಂಥಾ ಮಾತು ನೋಡಿ. ಗುಣವಾದರೂ ಚಿಕಿತ್ಸೆ ಸರಿ, ಹೆಚ್ಚಾದರೂ ಚಿಕಿತ್ಸೆ ಸರಿ! ಇಂಥ ಮಾತನ್ನು ಜ್ಯೋತಿಷಿ ಹೇಳಿದ್ದರೆ ನಾನು ಕ್ಲಾಸಿನಲ್ಲಿ ಹುಡುಗರ ಮುಂದೆ ಅದನ್ನು ಸೀಳಿ ಹಾಕುತ್ತಿದ್ದೆ. ಡಾಕ್ಟರರು ಒಳ್ಳೆಯವರು ಅನ್ನೋ ಒಂದೇ ಕಾರಣಕ್ಕೆ ನಂಬಿದೆ. ಕುಡಿಸಿದೆ.

ಈಗ ಹಲ್ಲಿನ ವಿಷಯಕ್ಕೆ ಬರುತ್ತೇನೆ. ಮೇಷ್ಟರುಗಳು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ನನ್ನ ಸ್ಕೂಲಿನಲ್ಲಿ ಊರಿನ ಮಕ್ಕಳೂ ಕೇರಿಯ ಮಕ್ಕಳೂ ಒಟ್ಟಿಗೆ ಕೂರುತ್ತಿದ್ದರು. ಅಷ್ಟನ್ನು ನಾನು ಮಾಡಿದ್ದೆ. ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಉಗುರು, ತಲೆ, ಹಲ್ಲು ನೋಡುವುದು ನನ್ನ ಪದ್ಧತಿ. ಕೇರಿಯ ಸಣ್ಣ ಮಕ್ಕಳ ಮುಂದಿನ ಹಲ್ಲುಗಳ ಮೇಲೆ ಹಳದಿ, ಕಂದು ಪಟ್ಟೆ. ಕೆಲವಕ್ಕೆ ಸುಣ್ಣದ ಚುಕ್ಕೆ. ಊರಿನ ಮಕ್ಕಳ ಹಲ್ಲು ಬೆಳ್ಳಗೆ. ನಾನು ಏನು ಮಾಡಿದೆ ಅಂದರೆ, ನಮ್ಮ ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ, "ಇದಕ್ಕೇ ಕಣ್ರೋ ಅವರು ನಮ್ಮನ್ನ ಗಲೀಜು ಅನ್ನೋದು" ಅಂತ ಬೈದು, ಇದ್ದಿಲು ಪುಡಿ ತರಿಸಿ ಉಜ್ಜಿಸಿದೆ. ಒಸಡಿನಿಂದ ರಕ್ತ ಬರೋ ಹಾಗೆ ಉಜ್ಜಿದ ಹುಡುಗಿಯೊಬ್ಬಳು ಇದ್ದಳು. ಪಟ್ಟೆ ಹೋಗಲಿಲ್ಲ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡೋದು ಕಲಿತಳು. ಈಗ ಅವಳಿಗೆ ಮೊಮ್ಮಗು ಇದೆ, ಇವತ್ತಿಗೂ ಕೈ ಅಡ್ಡ ಹಿಡಿದೇ ಮಾತಾಡುತ್ತಾಳೆ.

1996ರಲ್ಲಿ ಸ್ಕೂಲಿಗೆ ಮಕ್ಕಳ ಆರೋಗ್ಯ ನೋಡಲು ಬಂದ ತಂಡದಲ್ಲಿ ಒಬ್ಬ ಹುಡುಗ ಡಾಕ್ಟರು, ಇನ್ನೂ ಓದು ಮುಗಿಸಿರದವನು, ಹತ್ತು ಮಕ್ಕಳ ಬಾಯಿ ನೋಡಿ ನನ್ನ ಕಡೆ ತಿರುಗಿ, "ಇವರೆಲ್ಲ ನೀರು ಎಲ್ಲಿಂದ ತರ್ತಾರೆ ಸಾರ್?" ಅಂದ.

ನಾಲ್ಕು ವರ್ಷದಲ್ಲಿ ಆ ಪ್ರಶ್ನೆಯನ್ನು ಕೇಳಿದವನು ಅವನೊಬ್ಬನೇ. ಅವ್ವನ ಬೆನ್ನು ಮುಟ್ಟಿದ ದೊಡ್ಡ ಮನುಷ್ಯರು ಎಷ್ಟು ನೀರು ಕುಡೀತೀಯಮ್ಮ ಅಂತ ಕೇಳಿದ್ದರು. ಯಾವ ನೀರು ಅಂತ ಕೇಳಿರಲಿಲ್ಲ.

ಅವನ ಮಾತಿನಂತೆ ಕೇರಿಯ ಬೋರ್‌ವೆಲ್ ನೀರನ್ನೂ ಊರಿನ ಬಾವಿಯ ನೀರನ್ನೂ ಬೇರೆ ಬೇರೆ ಬಾಟಲಿಯಲ್ಲಿ ಪರೀಕ್ಷೆಗೆ ಕಳಿಸಿದೆ. ಬೋರಿನ ನೀರಲ್ಲಿ ಫ್ಲೋರೈಡ್ ಲೀಟರಿಗೆ 3 ಮಿಲಿಗ್ರಾಂ ದಾಟಿತ್ತು. ಬಾವಿಯದು 1ರೊಳಗೆ. ಕುಡಿಯುವ ನೀರಿನಲ್ಲಿ ಇದು 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲ ಅನ್ನೋ ಕಡೆ 1.5ರವರೆಗೆ ಸಹಿಸಬಹುದು ಅಂತ ನಮ್ಮ ದೇಶದ ಲೆಕ್ಕ. ಅವ್ವನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದೆ. ಬೆನ್ನಿನ ಮೂಳೆಗಳು ಸೀಮೆಸುಣ್ಣದ ಹಾಗೆ ಬೆಳ್ಳಗೆ ದಪ್ಪಗೆ ಕಂಡವು, ಒಂದಕ್ಕೊಂದು ಕಟ್ಟಿದ ನಾರುಗಳೂ ಮೂಳೆಯಾಗಿದ್ದವು. ಬೆನ್ನು ಬಗ್ಗದೆ ಇದ್ದದ್ದು ಅದಕ್ಕೆ. ಔಷಧಿ ಏನು ಅಂದೆ. ಔಷಧಿ ಇಲ್ಲ, ನೀರು ಬದಲಾಯಿಸಿ, ಹಾಲು ಸೊಪ್ಪು ಹಣ್ಣು ಕೊಡಿ ಅಂದರು.

ನಮ್ಮ ಕಡೆಯ ಕರಿಕಲ್ಲು, ಬೆಣಚುಕಲ್ಲಿನ ನೆಲದಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಆಳದ ಕಲ್ಲಿನ ಬಿರುಕುಗಳಲ್ಲಿ ಬಹಳ ಕಾಲ ನಿಂತ ನೀರು ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಮೇಲಿನ ಮಣ್ಣಿನಲ್ಲಿ ಮಳೆಯಿಂದ ಆಗಾಗ ಹೊಸದಾಗುವ ತೆರೆದ ಬಾವಿಯ ನೀರಲ್ಲಿ ಸಾಮಾನ್ಯವಾಗಿ ಇದು ಕಡಿಮೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಈ ಕತೆ ಹೊಸದಲ್ಲ. ಕುದಿಸಿದರೆ ಹೋಗೋದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಹಲ್ಲು ಮೂಡುವ ವಯಸ್ಸಿನ ಮಕ್ಕಳಲ್ಲಿ ಪಟ್ಟೆಯಾಗಿ ಕಾಣಿಸಿಕೊಳ್ಳುತ್ತದೆ, ದೊಡ್ಡವರಲ್ಲಿ ಏಳೆಂಟು ವರ್ಷ, ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಮೂಳೆಯಲ್ಲಿ ಕೂತು ಆಮೇಲೆ ಹೊರಗೆ ಬರುತ್ತದೆ. ಎಲ್ಲರಿಗೂ ಒಂದೇ ಥರ ಹಿಡಿಯೋದೂ ಇಲ್ಲ. ಹಾಲು ಸೊಪ್ಪು ಕಾಣದ ಮೈಗೆ, ಮೇಲಿಂದ ಮೇಲೆ ಹೆತ್ತ ಮೈಗೆ, ಬಿಸಿಲಲ್ಲಿ ದುಡಿದು ಹೆಚ್ಚು ನೀರು ಕುಡಿಯುವ ಮೈಗೆ ಜಾಸ್ತಿ. ಅಂದರೆ ಕೂಲಿಯವರಿಗೆ ಜಾಸ್ತಿ. ಇನ್ನು ನನ್ನ ಲೆಕ್ಕ. ಲೀಟರಿಗೆ 3 ಮಿಲಿಗ್ರಾಂ, ದಿನಕ್ಕೆ 4 ಲೀಟರ್, 12 ಮಿಲಿಗ್ರಾಂ. ಸಹಿಸಬಹುದಾದ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದವನ ಹೊಟ್ಟೆಗೆ ಹೋಗೋದು 3 ಮಿಲಿಗ್ರಾಂ. ನಾಲ್ಕು ಪಟ್ಟು. ಮೂರು ವರ್ಷ.

ಆಶ್ರಮದಲ್ಲಿ ಹತ್ತು ದಿನಕ್ಕೆ ಹಗುರಾದದ್ದು ಯಾಕೆ ಅಂತಲೂ ಆಗ ಹೊಳೆಯಿತು. ಅಲ್ಲಿ ಎಣ್ಣೆ ತೀಡಿದ್ದರು, ಮಜ್ಜಿಗೆ ಸೊಪ್ಪು ಕೊಟ್ಟಿದ್ದರು, ಕೂಲಿ ಇರಲಿಲ್ಲ. ಅಲ್ಲಿ ನೀರು ಬೇರೆ ಇತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಫ್ಲೋರೈಡಿನ ಮೇಲೆ ಒಂದು ಆರೋಗ್ಯ ಪಾಠ ಆಗುತ್ತಿತ್ತು. ಬೇರು ಹುಡುಕಬೇಕು ಅಂತ ಹೊರಟವನು ಕಲ್ಲಿನ ಹತ್ತಿರ ನಿಂತರೆ ಹೇಗೆ? ನೆಲದ ಕೆಳಗಿನ ಕಲ್ಲು ಜಾತಿ ನೋಡೋದಿಲ್ಲ. ಒಂದೇ ಊರಿನ, ಒಂದೇ ಬೆಂಚಿನ ಮಕ್ಕಳ ಹಲ್ಲು ಎರಡು ಬಣ್ಣ ಆದದ್ದು ಹೇಗೆ?

1985ರ ತನಕ ನಮ್ಮ ಕೇರಿಗೆ ಬೋರ್‌ವೆಲ್ ಇರಲಿಲ್ಲ. ಹಳ್ಳದ ಮರಳು ತೋಡಿದರೆ ಒಸರುವ ತಲಪರಿಗೆ ಇತ್ತು, ಅದೇ ನಮ್ಮ ನೀರು. ಬೇಸಿಗೆಯಲ್ಲಿ ಅದು ಬತ್ತಿದರೆ ಊರಿನ ಸೇದೋ ಬಾವಿಯಿಂದ ಆಚೆ ಹುಣಸೆಮರದ ಕೆಳಗೆ ಕೊಡ ಇಟ್ಟುಕೊಂಡು ಕೂರಬೇಕು. ಯಾರಾದರೂ ಪುಣ್ಯಾತ್ಮರು ಸೇದಿ ಮೇಲಿಂದ ಹುಯ್ಯಬೇಕು. ಅವ್ವ ಅಲ್ಲಿ ಅರ್ಧ ದಿನ ಕೂತದ್ದನ್ನು ನಾನು ಕಂಡಿದ್ದೇನೆ. 1983ರಲ್ಲಿ ನಾನು ಬಿ.ಎ. ಮುಗಿಸಿ ಕೆಲಸವಿಲ್ಲದೆ ಊರಲ್ಲಿದ್ದೆ. ಸಂಘಟನೆಯ ಗಾಳಿ ಬೀಸುತ್ತಿದ್ದ ಕಾಲ. ಹನ್ನೊಂದು ಜನ ಹುಡುಗರು ಸೇರಿ, ಬಾವಿ ಪಂಚಾಯ್ತಿ ದುಡ್ಡಿನದು, 1955ರ ಅಸ್ಪೃಶ್ಯತೆ ಕಾಯಿದೆ ನಮ್ಮ ಕಡೆ ಇದೆ, ನಾವೇ ಸೇದುತ್ತೇವೆ ಅಂತ ಹಗ್ಗ ತಗೊಂಡು ಹೋದೆವು. ಎರಡು ಕೊಡ ಸೇದಿದೆವು. ಮೂರನೇ ಕೊಡ ಸೇದುವಷ್ಟರಲ್ಲಿ ಊರು ಬಂತು. ನನ್ನ ಎಡಗೈ ಇವತ್ತಿಗೂ ಪೂರ್ತಿ ಮೇಲೇಳೋದಿಲ್ಲ.

ಆಮೇಲೆ ಕೂಲಿ ಬಂದ್, ಅಂಗಡಿ ಬಂದ್. ಅಧಿಕಾರಿಗಳು ಬಂದರು. ಶಾಂತಿ ಸಭೆ. ಎರಡು ವರ್ಷ ಅರ್ಜಿ, ಓಡಾಟ. 1985ರ ಬರಗಾಲ ಬಂತು, ತಲಪರಿಗೆ ಒಣಗಿತು. ಆಗ ಅಧಿಕಾರಿಯೊಬ್ಬರು ನಮ್ಮ ಹೆಗಲ ಮೇಲೆ ಕೈ ಹಾಕಿ ಹೇಳಿದರು, ಜಗಳ ಯಾಕೆ, ನಿಮ್ಮ ಕೇರಿಗೇ ಪ್ರತ್ಯೇಕ ಬೋರ್‌ವೆಲ್ ಕೊಡಿಸ್ತೀನಿ, ಯಾರ ಹಂಗೂ ಬೇಡ. ಹಂಗು ಬೇಡ ಅನ್ನೋ ಮಾತಿಗೆ ನಾವು ಸೋತೆವು. ಬಾವಿಯ ಮೊಕದ್ದಮೆ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿದವರಲ್ಲಿ ನಾನು ಮೊದಲನೆಯವನು, ನನಗೆ ಇಂಗ್ಲಿಷ್ ಓದಲು ಬರುತ್ತಿತ್ತು. ಲಾರಿ ಬಂದು ಕಲ್ಲು ಕೊರೆದ ರಾತ್ರಿ ಕೇರಿ ಮಲಗಲಿಲ್ಲ. ಬೂದಿ ಬಣ್ಣದ ಕಲ್ಲುಹಿಟ್ಟು ಹಾರಿ ಹಾರಿ ಕೊನೆಗೆ ನೀರು ಚಿಮ್ಮಿದಾಗ ತಮಟೆ ಬಾರಿಸಿದೆವು. ಇಂಡಿಯಾ ಮಾರ್ಕ್-2 ಕೈಪಂಪಿಗೆ ಹಾರ ಹಾಕಿ, ಮೊದಲ ಕೊಡವನ್ನು ಅವ್ವನ ಕೈಲೇ ತುಂಬಿಸಿದೆವು. ಕಾರಣ, ಹುಣಸೆಮರದ ಕೆಳಗೆ ಎಲ್ಲರಿಗಿಂತ ಹೆಚ್ಚು ವರ್ಷ ಕೂತವಳು ಅವಳು.

ನಾವು ಬಾವಿ ಕೇಳಿದ್ದೆವು, ಅವರು ಬೋರು ಕೊಟ್ಟರು.

1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದದ್ದನ್ನು ನಾವು ಪ್ರತಿ ವರ್ಷ ಭಾಷಣದಲ್ಲಿ ಹೇಳುತ್ತೇವೆ. ಆ ಮೇಲೆ ಮಹಾಡದ ಸವರ್ಣೀಯರು ನೂರೆಂಟು ಕೊಡಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಕಲಸಿ ಕೆರೆಯನ್ನು ಶುದ್ಧ ಮಾಡಿದ್ದನ್ನೂ ಹೇಳುತ್ತೇವೆ. ಆ ಕೆರೆಯ ಮೊಕದ್ದಮೆ ಹತ್ತು ವರ್ಷ ನಡೆದು, 1937ರ ಮಾರ್ಚಿನಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ನಮ್ಮ ಕಡೆ ತೀರ್ಪಾಯಿತು. ಅದೇ 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆನ್ನು ಬಾಗಿದ ಜನರನ್ನು ನೋಡಿ ಇದು ನೀರಿನ ಫ್ಲೋರೈಡಿನಿಂದ ಬಂದದ್ದು ಅಂತ ಡಾಕ್ಟರುಗಳು ಬರೆದರು. ಒಂದು ಕೋರ್ಟಿನ ಕಡತ, ಒಂದು ಆಸ್ಪತ್ರೆಯ ಕಡತ. 1985ರಲ್ಲಿ ನಮ್ಮೂರಿನ ನೆಲ ಕೊರೆಯುವ ಹೊತ್ತಿಗೆ ಎರಡಕ್ಕೂ ನಲವತ್ತೆಂಟು ವರ್ಷ ಆಗಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ಓದಿದವರು ಯಾರೂ ಇರಲಿಲ್ಲ. ನಾನೂ ಒಂದನ್ನೇ ಓದಿದ್ದೆ.

ಇದನ್ನು ಸಂಘಟನೆಯ ಗೆಳೆಯರ ಮುಂದೆ ಹೇಳಿದಾಗ ಒಬ್ಬ ಸಿಟ್ಟಾದ. "ಅಣ್ಣ, ಆ ಬೋರು ನಮ್ಮ ಗೆಲುವು. ಅದನ್ನ ವಿಷ ಅಂದ್ರೆ ನಾಳೆ ಊರೋರು ನಗ್ತಾರೆ. ನಲ್ಲಿ, ಬೋರು, ಲೈಟು ಎಲ್ಲಾ ಹಂಗೇ ಅಲ್ವಾ ಬಂದದ್ದು ಕೇರಿಗೆ?" ಅಂದ. ಅವನ ಮಾತಿನಲ್ಲಿ ಸತ್ಯ ಇದೆ. ಆ ಬರಗಾಲದಲ್ಲಿ ಬೋರು ಬರದಿದ್ದರೆ ಎಷ್ಟು ಕೂಸುಗಳು ವಾಂತಿಭೇದಿಗೆ ಹೋಗುತ್ತಿದ್ದವೋ. ಆದರೆ ಪ್ರತ್ಯೇಕವಾಗಿ ಕೊಡೋದನ್ನು ಕೈಚಾಚಿ ತಗೊಳ್ಳೋ ಮುಂಚೆ, ಇವರು ಯಾವುದನ್ನು ಕೊಡದೇ ಇರೋದಕ್ಕಾಗಿ ಇದನ್ನು ಕೊಡ್ತಿದ್ದಾರೆ ಅಂತ ನಾವು ಕೇಳಲಿಲ್ಲ. ಪ್ರತ್ಯೇಕ ಲೋಟ ಬೇಡ ಅಂದವರು ನಾವು, ಪ್ರತ್ಯೇಕ ಪಾತಾಳಕ್ಕೆ ಒಪ್ಪಿದೆವು.

ಆಶ್ರಮದ ಡಾಕ್ಟರರಿಗೂ ಎಲ್ಲ ಬರೆದೆ, ನೀರಿನ ವರದಿಯ ನಕಲು ಇಟ್ಟು. ಸಿಟ್ಟಿನಲ್ಲೇ ಬರೆದೆ. ಒಂದು ಕಾರ್ಡು ಬಂತು. "ನಾನು ಕೇಳಬೇಕಿತ್ತು. ಕೇಳಲಿಲ್ಲ. ಈಗ ನನ್ನ ಪ್ರಶ್ನೆಗಳ ಪಟ್ಟಿಯಲ್ಲಿ ನೀರಿನ ಮೂಲ ಅಂತ ಸೇರಿಸಿದ್ದೇನೆ. ತಾಯಿಗೆ ನನ್ನ ನಮಸ್ಕಾರ ತಿಳಿಸಿ." ಅಷ್ಟೇ. ನಾನು ಆ ಕಾರ್ಡನ್ನು ಹರಿಯಲಿಲ್ಲ. ಪೇಟೆಯ ಸೂಜಿ ಡಾಕ್ಟರಿಗೂ ಬರೆದಿದ್ದೆ, ಅಲ್ಲಿಂದ ಏನೂ ಬರಲಿಲ್ಲ.

ಯೋಚಿಸಿದರೆ ಕೂನೆ ಹೇಳಿದ ಅನ್ಯವಸ್ತು ನಮ್ಮವ್ವನ ಮೈಯಲ್ಲಿ ಇದ್ದೇ ಇತ್ತು. ಹೊರಗಿಂದ ಬಂದು ಒಳಗೆ ಸೇರಿಕೊಂಡು ಕೂತಿತ್ತು. ಅವರು ಅದನ್ನು ಅವಳ ಹೊಟ್ಟೆಯಲ್ಲಿ, ಅವಳ ಊಟದಲ್ಲಿ, ಅವಳ ಸಿಟ್ಟಿನಲ್ಲಿ ಹುಡುಕಿದರು. ರೋಗಿಯ ನಡತೆಯಲ್ಲಿ ಮೂಲ ಹುಡುಕುವ ಈ ಚಾಳಿ ಪ್ರಕೃತಿ ಚಿಕಿತ್ಸೆಯವರದ್ದು ಮಾತ್ರ ಅಲ್ಲ. ಹಿಂದಿನ ಜನ್ಮದ ಕರ್ಮ ಅನ್ನೋರೂ ಇದನ್ನೇ ಅಲ್ಲವಾ ಮಾಡಿದ್ದು? ಹುಡುಗಿಯ ಹಲ್ಲಿಗೆ ಇದ್ದಿಲು ಉಜ್ಜಿಸಿದ ನಾನೂ ಅದನ್ನೇ ಮಾಡಿದೆ.

ಹುಣಸೆಹುಳಿಯ ಮಾತು ಒಂದು ಉಳಿದಿದೆ. 2002ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಒಂದು ಅಧ್ಯಯನ ಪ್ರಕಟಿಸಿದರು. ಊಟದಲ್ಲಿ ಹುಣಸೆಹಣ್ಣು ಕೊಟ್ಟ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಗೆ ಹೋಗುತ್ತದೆ ಅಂತ. ಮೂಳೆಯಾಗಿ ಹೋದದ್ದನ್ನು ಅದು ಕರಗಿಸುತ್ತದೆ ಅಂತ ಯಾರೂ ತಿಳಕೊಳ್ಳಬಾರದು. ಆದರೆ ಹಿತ್ತಲ ಮರದಿಂದ ಉದುರಿದ ಆ ಒಂದು ಔಷಧಿಯನ್ನೂ ನಾನು ಚೀಟಿ ನೋಡಿ ನೋಡಿ ಅವಳ ತಣಿಗೆಯಿಂದ ತೆಗೆದುಹಾಕಿದ್ದೆ. ಅವ್ವ ಕದ್ದು ತಿನ್ನುತ್ತಿದ್ದಳು, ಸೆರಗಿನ ಗಂಟಿನಲ್ಲಿ ಹುಣಸೆ ಉಂಡೆ ಇಟ್ಟುಕೊಂಡು ನಾನು ಸ್ಕೂಲಿಗೆ ಹೋದ ಮೇಲೆ ನೆಕ್ಕುತ್ತಿದ್ದಳು ಅಂತ ಅವಳು ಸತ್ತ ಮೇಲೆ ಪಕ್ಕದ ಮನೆಯವಳು ಹೇಳಿದಳು.

1996ರ ನಂತರ ನಾನು ಸೈಕಲ್ಲಿಗೆ ಎರಡು ಬಿಂದಿಗೆ ಕಟ್ಟಿಕೊಂಡು ಊರ ಬಾವಿಯ ನೀರೇ ತರುತ್ತಿದ್ದೆ. ಮೇಷ್ಟರು ಅಂತ ಬಿಟ್ಟರು. ಇಡೀ ಕೇರಿಗೆ ಬಿಡಲಿಲ್ಲ, ಒಬ್ಬ ಮೇಷ್ಟರಿಗೆ ಬಿಟ್ಟರು. ಅದು ಎಂಥಾ ಮರ್ಯಾದೆ ಅಂತ ನಿಮಗೇ ಬಿಡುತ್ತೇನೆ. ಅದೂ ಬಹಳ ವರ್ಷ ನಡೆಯಲಿಲ್ಲ. ಊರ ಗೌಡರು, ಶೆಟ್ಟರು ಕಡ್ಲೆಕಾಯಿಗೆ, ಹಿಪ್ಪುನೇರಳೆಗೆ ಬೋರು ಹೊಡೆಸಿದ್ದೇ ಹೊಡೆಸಿದ್ದು, ನೂರಾರು ಅಡಿ ಕೆಳಗೆ. ಬಾವಿ ಒಣಗಿತು. ಈಗ ಅದರಲ್ಲಿ ಪ್ಲಾಸ್ಟಿಕ್ ಚೀಲ, ಹಳೇ ದೇವರ ಫೋಟೋ ಬಿದ್ದಿವೆ. ಊರಿಗೂ ಬೋರ್‌ವೆಲ್ ನೀರೇ ನಲ್ಲಿಯಲ್ಲಿ ಬಂತು. ಏಳೆಂಟು ವರ್ಷ ಕಳೆದ ಮೇಲೆ ಊರಿನ ಮಕ್ಕಳ ಹಲ್ಲಿನ ಮೇಲೂ ಪಟ್ಟೆ ಬಂತು. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲ ಹಲ್ಲುಗಳೂ ಒಂದೇ ಬಣ್ಣ ಆದ ವರ್ಷ ಪಂಚಾಯ್ತಿಯಲ್ಲಿ ಮೊದಲ ಸಲ ನೀರಿನ ಮೇಲೆ ಚರ್ಚೆ ಆಯಿತು. ಶುದ್ಧ ನೀರಿನ ಘಟಕ ಬಂತು, ದೇವಸ್ಥಾನದ ಪಕ್ಕ. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್. ನಾಣ್ಯಕ್ಕೆ ಜಾತಿ ಗೊತ್ತಾಗೋದಿಲ್ಲ. ನಾಣ್ಯ ಇಲ್ಲದವರು ಮಾತ್ರ ಹಳೇ ಪಂಪಿಗೆ ಹೋಗುತ್ತಾರೆ.

ಅವ್ವ ಇದನ್ನೆಲ್ಲ ನೋಡಲಿಲ್ಲ. 2001ರ ಮಾಘದಲ್ಲಿ ಹೋದಳು. ಕೊನೆಯ ಎರಡು ವರ್ಷ ಮಂಡಿ ಮಡಚಿಕೊಂಡೇ ಇತ್ತು, ಬೆನ್ನು ಬಿಲ್ಲಾಗಿತ್ತು, ಮಲಗುತ್ತಿದ್ದದ್ದು ಒಂದೇ ಮಗ್ಗುಲಲ್ಲಿ. ಸತ್ತ ಮೇಲೂ ಮೈ ನೆಟ್ಟಗಾಗಲಿಲ್ಲ. ಗುಂಡಿ ತೋಡುವವರು ಅಳತೆ ಕೇಳಲು ಬಂದಾಗ ನಾನೇ ಹೋಗಿ, ಉದ್ದ ಕಡಿಮೆ ಸಾಕು, ಅಗಲ ಜಾಸ್ತಿ ಮಾಡಿ ಅಂತ ಹೇಳಿದೆ. ಹೇಗೆ ಕೂತು ನೀರಿಗೆ ಕಾಯುತ್ತಿದ್ದಳೋ ಹೆಚ್ಚುಕಮ್ಮಿ ಹಾಗೇ ಇಟ್ಟೆವು.

ಹೋದ ಬೇಸಿಗೆಯಲ್ಲಿ ಘಟಕದ ಯಂತ್ರ ಕೆಟ್ಟು ಹದಿನೈದು ದಿನ ನಿಂತಿತ್ತು. ಸಂಜೆ ಕೇರಿಯ ಕಡೆ ಹೋದರೆ ಹಳೇ ಕೈಪಂಪಿನ ಹತ್ತಿರ ಐದಾರನೇ ಕ್ಲಾಸಿನ ಹುಡುಗಿಯೊಬ್ಬಳು ಇಡೀ ಮೈಭಾರ ಬಿಟ್ಟು ಜಗ್ಗುತ್ತಿದ್ದಳು. ಪಂಪಿನ ಮೈಗೆ ಹಿಂದೆ ಬಳಿದಿದ್ದ ಕೆಂಪು ಬಣ್ಣ ಎಲ್ಲೋ ಒಂದೊಂದು ಕಡೆ ಉಳಿದಿತ್ತು. ನಾನು ಅಭ್ಯಾಸಬಲದಿಂದ, "ಏ ಮಗಾ, ಈ ನೀರು ಕುಡೀಬಾರ್ದು ಕಣಮ್ಮ, ಪಾತ್ರೆ ತೊಳಿಯೋಕೆ ಮಾತ್ರ" ಅಂದೆ.

ಅವಳು ಜಗ್ಗೋದು ನಿಲ್ಲಿಸದೆ, "ಮತ್ತೆ ಯಾವ್ದು ಕುಡೀಬೇಕು ಸಾ?" ಅಂದಳು.

ಕೊಡ ಅರ್ಧ ತುಂಬಿತ್ತು. ಇನ್ನೊಂದು ಕಡೆಯಿಂದ ನಾನೂ ಹಿಡಿ ಹಿಡಿದು ಜಗ್ಗಿದೆ, ಬಲಗೈಯಲ್ಲಿ.